‘ಬಹುದು’ ಎಲ್ಲಿ ಕಳೆದುಹೋಯಿತು? ಆರೋಗ್ಯದ ಸುದ್ದಿಯನ್ನು ತೂಗಿ ನೋಡುವ ಬಗೆ

2025ರ ಜುಲೈ ಮೊದಲ ವಾರ ಹಾಸನ ಜಿಲ್ಲೆಯ ಅರಸೀಕೆರೆಯಿಂದ ದೊಡ್ಡಮ್ಮ ಫೋನ್ ಮಾಡಿದರು. “ಮೈಸೂರಿಗೆ ಹೋಗಿ ಜಯದೇವದಲ್ಲಿ ಒಂದ್ಸಲ ತೋರಿಸ್ಕೊಂಡು ಬರ್ಲೇನೋ? ನಮ್ ಜಿಲ್ಲೇಲಿ ಹಾರ್ಟ್ ಅಟ್ಯಾಕಾಗಿ ದಿನಾ ಒಬ್ಬೊಬ್ರು ಹೋಗ್ತಿದಾರಂತೆ.” ಎದೆನೋವು ಇದೆಯಾ ಅಂತ ಕೇಳಿದೆ. ಇಲ್ಲ. ಸುಸ್ತು? ಅದೂ ಇಲ್ಲ. ಇದ್ದದ್ದು ಮೊಬೈಲಿನಲ್ಲಿ ಒಂಬತ್ತು ಲಿಂಕು. ಒಂದರಲ್ಲಿ ಕೋವಿಡ್ ಲಸಿಕೆಯೇ ಕಾರಣ ಅಂತಿತ್ತು. ಇನ್ನೊಂದರಲ್ಲಿ ಬೆಳ್ಳುಳ್ಳಿ, ಜೇನುತುಪ್ಪ ತಿಂದರೆ ಹೃದಯದ ಬ್ಲಾಕ್ ಕರಗುತ್ತದೆ ಅಂತಿತ್ತು. ಒಂಬತ್ತೂ ನೋಡಲು ಸುದ್ದಿ ತಾಣಗಳೇ. ಲೋಗೋ ಇದೆ, ದಿನಾಂಕ ಇದೆ, ಬಿಳಿ ಕೋಟು ಹಾಕಿದವರ ಫೋಟೋ ಇದೆ.

ನಾನು ಡಾಕ್ಟರಲ್ಲ. ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ಇಳಿಸುವ ಡೆಸ್ಕಿನಲ್ಲಿ ಕೆಲವು ವರ್ಷ ಕೂತವನು. ಹಾಗಾಗಿ ಇಂಥ ಸುದ್ದಿ ಬರುವ ದಾರಿಯಲ್ಲಿ ಎಲ್ಲೆಲ್ಲಿ ಕೆಡುತ್ತದೆ ಅಂತ ಗೊತ್ತು. ಕೆಲವು ಸಲ ಕೆಡಿಸಿದ್ದು ನಾನೇ. ಒಂದು ತಾಣ ನಂಬಿಕೆಗೆ ಯೋಗ್ಯವೋ ಅಲ್ಲವೋ ಎಂದು ಅದರ ಮುಖ ನೋಡಿ ಹೇಳಲಾಗದು. ಅದರ ಒಂದು ಸುದ್ದಿ ಹಿಡಿದುಕೊಳ್ಳಿ. ಅದು ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯಿರಿ. ಒಳ್ಳೆಯ ತಾಣ ನಿಮಗೆ ದಾರಿ ಬಿಟ್ಟುಕೊಟ್ಟಿರುತ್ತದೆ. ಕೆಟ್ಟದ್ದರಲ್ಲಿ ಎರಡು ಹೆಜ್ಜೆಗೇ ಗೋಡೆ ಸಿಗುತ್ತದೆ.

ಹೆಜ್ಜೆ 1: ತಲೆಬರಹದ ಕೊನೇ ಪದ ನೋಡಿ

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಬಾಲದಲ್ಲಿ ಇರುತ್ತದೆ. ಕಿತಾಪತಿಯೂ ಅಲ್ಲೇ.

ಒಂದು ಸಾಮಾನ್ಯ ಉದಾಹರಣೆ ಕೊಡುತ್ತೇನೆ. ಮೂಲ ಅಧ್ಯಯನದಲ್ಲಿ ಇರುವುದು ಹೀಗೆ: “ಕಾಫಿ ಕುಡಿಯುವವರಲ್ಲಿ ಲಿವರ್ ಕಾಯಿಲೆ ಕಡಿಮೆ ಕಂಡುಬಂದಿದೆ.” ಸುದ್ದಿ ಏಜೆನ್ಸಿಯ ಪ್ರತಿಯಲ್ಲಿ ಅದು “ಕಾಫಿಯಿಂದ ಲಿವರ್ ಕಾಯಿಲೆಯ ಅಪಾಯ ಕಡಿಮೆಯಾಗಬಹುದು” ಆಗುತ್ತದೆ. ಡೆಸ್ಕಿಗೆ ಬಂದಾಗ ತಲೆಬರಹಕ್ಕೆ ಜಾಗ ಇರುವುದು ಐದೇ ಪದಕ್ಕೆ. ಮೊದಲು ಕತ್ತರಿ ಬೀಳುವುದು ‘ಬಹುದು’ಗೆ. “ಕಾಫಿ ಕುಡಿಯಿರಿ, ಲಿವರ್ ಉಳಿಸಿಕೊಳ್ಳಿ!” ಯಾರೂ ಬೇಕಂತ ಸುಳ್ಳು ಬರೆದಿಲ್ಲ. ಆದರೂ ಕೊನೆಗೆ ಉಳಿದದ್ದು ಸುಳ್ಳೇ. ಯಾಕೆಂದರೆ ಮೊದಲ ವಾಕ್ಯದಲ್ಲಿ ಇದ್ದದ್ದು ಬರೀ ಒಂದು ಹೊಂದಾಣಿಕೆ. ಲಿವರ್ ಕೆಟ್ಟವರು ಹೊಟ್ಟೆಗೆ ಸೇರದೆ ಕಾಫಿ ಬಿಟ್ಟಿರಲೂಬಹುದು, ಅಲ್ವಾ? ಆಗ ಕಾರಣ ಯಾವುದು, ಪರಿಣಾಮ ಯಾವುದು?

ಇದೇ ರೀತಿ ‘ಸಂಬಂಧ ಕಂಡುಬಂದಿದೆ’ ಎಂಬುದು ‘ಕಾರಣ’ ಆಗುತ್ತದೆ. ‘ಸೂಚನೆ ಸಿಕ್ಕಿದೆ’ ಎಂಬುದು ‘ಸಾಬೀತು’ ಆಗುತ್ತದೆ. ತಲೆಬರಹ ಓದಿದ ಮೇಲೆ ಅದೇ ಮಾತು ಒಳಗೆ ಹೇಗಿದೆ ಅಂತ ಹುಡುಕಿ. ಮೇಲೆ ‘ಬುಡಸಮೇತ ವಾಸಿ’ ಅಂತಿದ್ದು, ಕೊನೇ ಪ್ಯಾರಾದಲ್ಲಿ ‘ಇನ್ನಷ್ಟು ಅಧ್ಯಯನ ಆಗಬೇಕಿದೆ’ ಅಂತಿದ್ದರೆ, ಆ ತಾಣದಲ್ಲಿ ತಲೆಬರಹ ಕೊಡುವವರೂ ಸುದ್ದಿ ಬರೆಯುವವರೂ ಮಾತು ಬಿಟ್ಟಿದ್ದಾರೆ ಅಂತ ತಿಳಿಯಿರಿ. ‘ವೈದ್ಯರು ಮುಚ್ಚಿಟ್ಟ ಗುಟ್ಟು’, ‘ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ’ ಎಂಬ ಮಾತು ಕಂಡರೆ ಮುಂದೆ ಓದುವ ಶ್ರಮವೂ ಬೇಡ.

ಹೆಜ್ಜೆ 2: ಯಾರು ಹೇಳಿದ್ದು, ಎಲ್ಲಿ ಹೇಳಿದ್ದು?

‘ಸಂಶೋಧಕರ ಪ್ರಕಾರ’ ಎಂಬುದು ಹೆಸರಲ್ಲ. ಸಂಶೋಧಕರ ಹೆಸರು, ಸಂಸ್ಥೆ, ಪ್ರಕಟವಾದ ಪತ್ರಿಕೆಯ ಹೆಸರು, ವರ್ಷ ಇವು ನಾಲ್ಕೂ ಇರಬೇಕು. ಲಿಂಕ್ ಇದ್ದರೆ ಒತ್ತಿ ನೋಡಿ. ತುಂಬಾ ತಾಣಗಳಲ್ಲಿ ನೀಲಿ ಬಣ್ಣದ ಪದ ಒತ್ತಿದರೆ ಅದೇ ತಾಣದ ಇನ್ನೊಂದು ಪುಟಕ್ಕೆ ಹೋಗುತ್ತೀರಿ, ಅಲ್ಲಿಂದ ಮತ್ತೊಂದಕ್ಕೆ. ಗಾಣದ ಎತ್ತಿನ ಹಾಗೆ ಸುತ್ತುವುದೇ ಆಯಿತು, ಮೂಲ ಮಾತ್ರ ಸಿಗುವುದಿಲ್ಲ.

ಲಿಂಕ್ ಇಲ್ಲದಿದ್ದರೂ ಕೈಚೆಲ್ಲಬೇಡಿ. ಸಂಶೋಧಕರ ಹೆಸರು ಮತ್ತು ಕಾಯಿಲೆಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಗೂಗಲ್ ಸ್ಕಾಲರ್‌ನಲ್ಲೋ ಪಬ್‌ಮೆಡ್‌ನಲ್ಲೋ ಹುಡುಕಿ. ಎರಡೂ ಸಂಶೋಧನಾ ಲೇಖನ ಹುಡುಕಿಕೊಡುವ ತಾಣಗಳು, ಉಚಿತ. ಪೂರ್ತಿ ಲೇಖನಕ್ಕೆ ದುಡ್ಡು ಕೇಳಿದರೂ ಸಾರಾಂಶ ಸಾಮಾನ್ಯವಾಗಿ ಪುಕ್ಕಟೆ ಸಿಗುತ್ತದೆ. ಇಂಗ್ಲಿಷ್ ಕಷ್ಟವಾದರೆ ಎರಡೇ ಕಡೆ ಕಣ್ಣಾಡಿಸಿ: ಯಾರ ಮೇಲೆ ಪರೀಕ್ಷೆ ಮಾಡಿದರು ಎಂಬ ಸಾಲು, ಮತ್ತು ಕಟ್ಟಕಡೆಯ ಎರಡು ಸಾಲು. ಸುದ್ದಿಯ ಕೊನೆಯಲ್ಲಿ 10 ಎಂಬ ಅಂಕಿಯಿಂದ ಶುರುವಾಗುವ ಉದ್ದನೆಯ ಡಿಒಐ ಸಂಖ್ಯೆ ಕೊಟ್ಟಿದ್ದರೆ ಇನ್ನೂ ಸುಲಭ. ಅದು ಲೇಖನದ ಆಧಾರ್ ನಂಬರ್ ಇದ್ದ ಹಾಗೆ.

ಮೂಲ ಅಂದಾಗ ಒಂದು ಎಚ್ಚರ. ವಿಶ್ವವಿದ್ಯಾಲಯ ಹೊರಡಿಸುವ ಪತ್ರಿಕಾ ಪ್ರಕಟಣೆ ಮೂಲವಲ್ಲ. ಅದೂ ಒಂಥರಾ ಜಾಹೀರಾತೇ. ಯುರೇಕ್‌ಅಲರ್ಟ್ ಎಂಬ ಅಮೆರಿಕದ ಸೇವೆ 1996ರಿಂದ ಇಂಥ ಪ್ರಕಟಣೆಗಳನ್ನು ಹಂಚುತ್ತಿದೆ. ವಿಜ್ಞಾನದ ಸುದ್ದಿ ಎಂದು ಹೆಸರಿಟ್ಟುಕೊಂಡ ಎಷ್ಟೋ ತಾಣಗಳು ಪ್ರಕಟಣೆಗಳನ್ನು ಹಾಗೆಹಾಗೇ ಅಂಟಿಸುತ್ತವೆ. 2014ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳ 462 ಪ್ರಕಟಣೆಗಳನ್ನು ಮೂಲ ಲೇಖನದ ಪಕ್ಕದಲ್ಲಿಟ್ಟು ನೋಡಿತು. ನೂರಕ್ಕೆ 40ರಲ್ಲಿ ಓದುಗರಿಗೆ ಕೊಟ್ಟ ಸಲಹೆಯನ್ನು ಮೂಲಕ್ಕಿಂತ ಹಿಗ್ಗಿಸಲಾಗಿತ್ತು. ನಾವು ಡೆಸ್ಕಿನವರು ಬೈಸಿಕೊಂಡ ಎಷ್ಟೋ ತಪ್ಪುಗಳು ವಿಶ್ವವಿದ್ಯಾಲಯದ ಅಂಗಳದಲ್ಲೇ ಹುಟ್ಟಿದ್ದವು ಅಂತ ಓದಿ ಸ್ವಲ್ಪ ಸಮಾಧಾನವಾಯಿತು. ಅದಕ್ಕೇ ಸುದ್ದಿಯಲ್ಲಿ ಆ ಅಧ್ಯಯನದಲ್ಲಿ ಪಾಲಿಲ್ಲದ ಹೊರಗಿನ ತಜ್ಞರೊಬ್ಬರು ಮಾತಾಡಿದ್ದಾರಾ ನೋಡಿ. ಮಾತಾಡಿದ್ದರೆ ವರದಿಗಾರ ಕುರ್ಚಿಯಿಂದ ಎದ್ದಿದ್ದಾನೆ, ಕನಿಷ್ಠ ಫೋನಾದರೂ ಎತ್ತಿದ್ದಾನೆ.

ದೊಡ್ಡ ಹೆಸರು ಕಂಡ ಕೂಡಲೇ ತಲೆಬಾಗುವುದೂ ಬೇಡ. ಬಿಸಿ ಎಳನೀರು ಕ್ಯಾನ್ಸರ್ ಕಣಗಳನ್ನು ಕೊಲ್ಲುತ್ತದೆ ಎಂಬ ಸಂದೇಶ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ನಿರ್ದೇಶಕರ ಹೆಸರು ಹೊತ್ತು ವರ್ಷಗಟ್ಟಲೆ ಓಡಾಡಿತು. ಆಸ್ಪತ್ರೆಯೇ ಅಲ್ಲಗಳೆಯಿತು. ಸಂಸ್ಥೆಯ ಹೆಸರು ಕಂಡರೆ ಆ ಸಂಸ್ಥೆಯ ಸ್ವಂತ ವೆಬ್‌ಸೈಟಿಗೆ ಹೋಗಿ ಹುಡುಕಿ. ಅಲ್ಲಿ ಇಲ್ಲದ್ದು ಬೇರೆಲ್ಲ ಕಡೆ ಇದ್ದರೆ ಅರ್ಥ ಆಯಿತಲ್ಲ.

ಹೆಜ್ಜೆ 3: ಇಲಿಗಾ, ಮನುಷ್ಯರಿಗಾ?

ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕಣಗಳ ಮೇಲೆ ಅರಿಶಿನದ ಸತ್ವ ಹಾಕಿದರೆ ಕಣ ಸಾಯುತ್ತವೆ. ಬ್ಲೀಚಿಂಗ್ ನೀರು ಹಾಕಿದರೂ ಸಾಯುತ್ತವೆ. ತಟ್ಟೆಯಿಂದ ಇಲಿಗೆ, ಇಲಿಯಿಂದ ಕೆಲವೇ ಮನುಷ್ಯರಿಗೆ, ಅಲ್ಲಿಂದ ಸಾವಿರಾರು ಜನರಿಗೆ ಹೋಗುವ ಹೊತ್ತಿಗೆ ಹೆಚ್ಚಿನ ಔಷಧಗಳು ದಾರಿಯಲ್ಲೇ ಬಿದ್ದುಹೋಗುತ್ತವೆ. ಸುದ್ದಿಯಲ್ಲಿ ಮಾತ್ರ ಇಲಿ ಕಾಣುವುದೇ ಇಲ್ಲ. 2019ರಲ್ಲಿ ಜೇಮ್ಸ್ ಹೆದರ್ಸ್ ಎಂಬ ವಿಜ್ಞಾನಿ ಒಂದು ಟ್ವಿಟರ್ ಖಾತೆ ತೆರೆದರು. ಆ ಖಾತೆಯ ಕೆಲಸ ಒಂದೇ: ಇಂಥ ಸುದ್ದಿಗಳನ್ನು ಎತ್ತಿ ಹಾಕಿ, ಮೇಲೆ ‘ಇಲಿಗಳಲ್ಲಿ’ ಅಂತ ಎರಡು ಪದ ಇಂಗ್ಲಿಷಿನಲ್ಲಿ ಬರೆಯುವುದು. ಅಷ್ಟೇ. ಅದೇ ದೊಡ್ಡ ಟೀಕೆ ಆಯಿತು.

ಮನುಷ್ಯರ ಮೇಲೆ ಮಾಡಿದ್ದಾದರೆ ಎಷ್ಟು ಜನ, ಎಷ್ಟು ದಿನ ಅಂತ ಕೇಳಿ. 2015ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಜರ್ಮನಿಯಲ್ಲಿ ಒಂದು ಕುಚೇಷ್ಟೆ ಮಾಡಿದರು. ಡಾರ್ಕ್ ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ ಎಂಬ ಅಧ್ಯಯನ. ಪರೀಕ್ಷೆ ನಿಜವಾಗಿಯೂ ನಡೆಯಿತು, ಅಂಕಿಗಳೂ ನಿಜ. ಆದರೆ ಇದ್ದದ್ದು 15 ಜನ, ಅದೂ ಮೂರೇ ವಾರ. ಅವರಲ್ಲಿ ತೂಕ, ಕೊಲೆಸ್ಟ್ರಾಲ್, ನಿದ್ದೆ ಅಂತ 18 ಸಂಗತಿ ಅಳೆದರು. ಇಷ್ಟು ಕಡಿಮೆ ಜನರಲ್ಲಿ ಅಷ್ಟೊಂದು ಅಳೆದರೆ ಯಾವುದಾದರೂ ಒಂದರಲ್ಲಿ ಸುಮ್ನೆ ಅದೃಷ್ಟದಿಂದಲೇ ವ್ಯತ್ಯಾಸ ಕಾಣುತ್ತದೆ. ಕತ್ತಲಲ್ಲಿ ಹದಿನೆಂಟು ಕಲ್ಲು ಎಸೆದು, ತಗುಲಿದ ಮಾವಿನಕಾಯಿಯನ್ನೇ ಗುರಿಯಿಟ್ಟು ಹೊಡೆದೆ ಅಂದ ಹಾಗೆ. ದುಡ್ಡು ಕೊಟ್ಟರೆ ಏನನ್ನೂ ಅಚ್ಚು ಹಾಕುವ ಒಂದು ಪತ್ರಿಕೆ 600 ಯೂರೋ ತೆಗೆದುಕೊಂಡು ಪ್ರಕಟಿಸಿತು. ಜರ್ಮನಿಯ ಬಿಲ್ಡ್ ಪತ್ರಿಕೆ ಸೇರಿದಂತೆ ಹಲವು ದೇಶಗಳ ಮಾಧ್ಯಮಗಳು ಅದನ್ನು ಸುದ್ದಿ ಮಾಡಿದವು. ಅಧ್ಯಯನ ಮಾಡಿದ್ದಾಗಿ ಹೇಳಿಕೊಂಡ ಆಹಾರ ಸಂಸ್ಥೆ ಒಂದು ವೆಬ್‌ಸೈಟ್ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಎಷ್ಟು ಜನರ ಮೇಲೆ ಪರೀಕ್ಷೆ ಮಾಡಿದಿರಿ ಎಂಬ ಒಂದೇ ಪ್ರಶ್ನೆ ಕೇಳಿದ್ದರೂ ಬಣ್ಣ ಬಯಲಾಗುತ್ತಿತ್ತು.

ಹೆಜ್ಜೆ 4: ಎಷ್ಟರಲ್ಲಿ ಎಷ್ಟು?

ಈಗ ದೊಡ್ಡಮ್ಮನ ಹಾಸನಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಜಾಸ್ತಿ ಜನ ಜಾರುವುದು ಇಲ್ಲೇ.

ಆಗ ಸುದ್ದಿಯಾಗಿದ್ದು ‘40 ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತದ ಸಾವು’. ಓದಿದರೆ ಎದೆ ಝಲ್ ಅನ್ನುತ್ತದೆ. ಆದರೆ ಎಷ್ಟು ಜನರ ನಡುವೆ ಇಪ್ಪತ್ತು? ಒಂದು ಕಾಗದ, ಪೆನ್ನು ತೆಗೆದುಕೊಳ್ಳಿ. 2011ರ ಜನಗಣತಿಯ ಪ್ರಕಾರ ಹಾಸನ ಜಿಲ್ಲೆಯಲ್ಲಿ ಸುಮಾರು 17.76 ಲಕ್ಷ ಜನ. ಕರ್ನಾಟಕದಲ್ಲಿ ಸಾವಿರ ಜನರಿಗೆ ವರ್ಷಕ್ಕೆ ಆರು ಸಾವು ಅಂತ ಕಡಿಮೆಯೇ ಹಿಡಿಯೋಣ. 1,776ನ್ನು ಆರರಿಂದ ಗುಣಿಸಿದರೆ 10,656. ಅಂದರೆ ದಿನಕ್ಕೆ ಸುಮಾರು 29 ಸಾವು, 40 ದಿನಕ್ಕೆ 1,170ರ ಹತ್ತಿರ. ಭಾರತದಲ್ಲಿ ಒಟ್ಟು ಸಾವಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಆಗುವಂಥದ್ದು. 1,170ರಲ್ಲಿ ಕಾಲು ಭಾಗ ಅಂದರೆ 290ರ ಆಸುಪಾಸು.

ಅಂದರೆ ಯಾವ ಸುದ್ದಿಯೂ ಇಲ್ಲದ ಮಾಮೂಲಿ 40 ದಿನದಲ್ಲೂ ಆ ಜಿಲ್ಲೆಯಲ್ಲಿ ಇಷ್ಟು ಜನ ಹೀಗೆ ಹೋಗುತ್ತಾರೆ. ಇದು ಒರಟು ಲೆಕ್ಕ, ಒಪ್ಪುತ್ತೇನೆ. ಪಾರ್ಶ್ವವಾಯುವಿನ ಸಾವೂ ಇದರೊಳಗೆ ಸೇರಿದೆ. ಸುದ್ದಿಯಾದವರಲ್ಲಿ ಚಿಕ್ಕ ವಯಸ್ಸಿನವರು ಇದ್ದರು, ಆ ವಯಸ್ಸಿನಲ್ಲಿ ಇಂಥ ಸಾವು ಅಪರೂಪ. ಆದರೂ ಪ್ರಶ್ನೆ ಬದಲಾಯಿತು ನೋಡಿ. ‘ಇಪ್ಪತ್ತು ಸಾವು ಯಾಕಾಯಿತು’ ಎಂಬುದು ಹೋಗಿ, ‘ಇದೇ ವಯಸ್ಸಿನವರಲ್ಲಿ, ಹೋದ ವರ್ಷ ಇದೇ ತಿಂಗಳಲ್ಲಿ ಎಷ್ಟಾಗಿತ್ತು’ ಎಂದು ಕೇಳಬೇಕಾಯಿತು. ದೊಡ್ಡಮ್ಮನ ಒಂಬತ್ತು ಲಿಂಕಿನಲ್ಲಿ ಒಂದೂ ಇದನ್ನು ಕೇಳಿರಲಿಲ್ಲ.

ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಅದು 24 ಸಾವುಗಳನ್ನು ಒಂದೊಂದಾಗಿ ನೋಡಿತು. ನಾಲ್ಕಕ್ಕೆ ಹೃದಯದ ಸಂಬಂಧವೇ ಇರಲಿಲ್ಲ. ಒಂದು ರಸ್ತೆ ಅಪಘಾತವೂ ಆ ಪಟ್ಟಿಯೊಳಗೆ ಸೇರಿಕೊಂಡಿತ್ತು. ಜಿಲ್ಲೆಯಲ್ಲಿ ಹೃದಯಾಘಾತದ ಸಾವು ದಿಢೀರ್ ಏರಿಲ್ಲ ಎಂದು ಸಮಿತಿ ಹೇಳಿತು. ಅಷ್ಟರಲ್ಲಿ ಮೈಸೂರಿನ ಜಯದೇವದ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತ್ತು. ಲಸಿಕೆಯ ಅನುಮಾನವನ್ನು ಸ್ವತಃ ಮುಖ್ಯಮಂತ್ರಿಗಳೇ ಎತ್ತಿದ್ದರು. ಮರುದಿನ ಕೇಂದ್ರ ಆರೋಗ್ಯ ಇಲಾಖೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನವನ್ನು ಮುಂದಿಟ್ಟಿತು. 47 ಆಸ್ಪತ್ರೆಗಳಲ್ಲಿ, 18ರಿಂದ 45 ವಯಸ್ಸಿನವರ ದಿಢೀರ್ ಸಾವುಗಳ ಬಗ್ಗೆ ನಡೆದ ಆ ಅಧ್ಯಯನದಲ್ಲಿ ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಂಡಿರಲಿಲ್ಲ. ಅದು ಎರಡು ವರ್ಷ ಹಿಂದೆಯೇ ಬಂದಿದ್ದ ಅಧ್ಯಯನ. ದೊಡ್ಡ ಸ್ಥಾನದಲ್ಲಿ ಇರುವವರ ಮಾತನ್ನು ವರದಿ ಮಾಡುವುದು ಸುದ್ದಿ ತಾಣದ ಕೆಲಸ, ಸರಿ. ಪಕ್ಕದಲ್ಲೇ ಆ ಹಳೇ ಅಧ್ಯಯನವನ್ನೂ ಇಟ್ಟ ತಾಣಗಳನ್ನು ನಾನು ಗುರುತು ಹಾಕಿಕೊಂಡೆ.

‘ದುಪ್ಪಟ್ಟು’, ‘ಶೇಕಡಾ ನೂರು ಹೆಚ್ಚು’ ಎಂಬ ಪದಗಳಿಗೂ ಇದೇ ಮದ್ದು. 1995ರಲ್ಲಿ ಬ್ರಿಟನ್ನಿನಲ್ಲಿ ಹೊಸ ಬಗೆಯ ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟು ಎಂದು ಎಚ್ಚರಿಕೆ ಬಂತು. ಹೆದರಿ ಎಷ್ಟೋ ಹೆಂಗಸರು ಮಾತ್ರೆ ಬಿಟ್ಟರು. ಮರುವರ್ಷ ಸುಮಾರು 13,000 ಗರ್ಭಪಾತ ಹೆಚ್ಚಾದವು ಎಂಬ ಅಂದಾಜಿದೆ. ಆ ‘ದುಪ್ಪಟ್ಟು’ ಏನಾಗಿತ್ತು ಗೊತ್ತಾ? 7,000 ಜನರಲ್ಲಿ ಒಬ್ಬರಿಗೆ ಇದ್ದದ್ದು ಇಬ್ಬರಿಗಾಗಿತ್ತು. ಗರ್ಭಿಣಿಯಾದರೆ ಹೆಪ್ಪುಗಟ್ಟುವ ಅಪಾಯ ಅದಕ್ಕಿಂತ ಹೆಚ್ಚು. ‘ಎಷ್ಟರಿಂದ ಎಷ್ಟಕ್ಕೆ’ ಎಂದು ಹೇಳದೆ ಬರೀ ‘ಇಷ್ಟು ಪಟ್ಟು’ ಎನ್ನುವ ಸುದ್ದಿಯನ್ನು ಅರ್ಧ ಸುದ್ದಿ ಅಂತ ತಿಳಿಯಿರಿ.

ಹೆಜ್ಜೆ 5: ಬಿಟ್ಟದ್ದೇನು, ಮಾರುವುದೇನು?

2024ರ ನವೆಂಬರಿನಲ್ಲಿ ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ತಮ್ಮ ಪತ್ನಿಯ ನಾಲ್ಕನೇ ಹಂತದ ಕ್ಯಾನ್ಸರ್ ಗುಣವಾದ ಕತೆ ಹೇಳಿದರು. ಬೇವು, ಅರಿಶಿನ, ನಿಂಬೆ, ಸಕ್ಕರೆ ಬಿಟ್ಟದ್ದು, ಉಪವಾಸ. ಲಿಂಕುಗಳಲ್ಲಿ ಇಷ್ಟೇ ಓಡಿತು. ಅವರ ಪತ್ನಿಗೆ ಆಪರೇಷನ್ ಆಗಿತ್ತು, ಕೀಮೋಥೆರಪಿ ಆಗಿತ್ತು. ಅದು ತಲೆಬರಹಕ್ಕೆ ಬರಲಿಲ್ಲ. ಕೊನೆಗೆ ಟಾಟಾ ಮೆಮೋರಿಯಲ್‌ನ 262 ಕ್ಯಾನ್ಸರ್ ತಜ್ಞರು ಸಹಿ ಹಾಕಿ, ಇಂಥದ್ದನ್ನು ನಂಬಿ ಚಿಕಿತ್ಸೆ ತಡ ಮಾಡಬೇಡಿ ಎಂದು ಹೇಳಿಕೆ ಕೊಡಬೇಕಾಯಿತು. ‘ಇಂಥದ್ದು ತಿಂದು ವಾಸಿಯಾಯಿತು’ ಎಂಬ ಸುದ್ದಿ ಓದಿದಾಗ, ಜೊತೆಗೆ ಬೇರೇನು ಚಿಕಿತ್ಸೆ ನಡೆಯುತ್ತಿತ್ತು ಎಂಬ ಸಾಲನ್ನು ಹುಡುಕಿ. ಖರ್ಚು ಎಷ್ಟು, ತೊಂದರೆ ಏನು, ಈಗಾಗಲೇ ಇರುವ ಔಷಧಕ್ಕಿಂತ ಇದು ಹೇಗೆ ಮೇಲು ಎಂಬ ಮಾತುಗಳೂ ಇರಬೇಕು.

ಆಮೇಲೆ ಪುಟವನ್ನು ಕೆಳಗಿನ ತನಕ ಎಳೆಯಿರಿ. ಸಕ್ಕರೆ ಕಾಯಿಲೆಯ ಲೇಖನದ ಕೆಳಗೆ ಸಕ್ಕರೆ ಕಾಯಿಲೆಯ ಪುಡಿ ಮಾರಾಟಕ್ಕಿದೆಯಾ? ಮೂಲೆಯಲ್ಲಿ ಇರುವೆ ಗಾತ್ರದಲ್ಲಿ ‘ಪ್ರಾಯೋಜಿತ’ ಅಂತ ಇದೆಯಾ? ಇದ್ದರೆ ಅದು ಅಂಗಡಿ. ಒಳ್ಳೆಯ ಹೆಸರಿನ ತಾಣಗಳಲ್ಲೂ ಇಂಥ ಪುಟ ಇರುತ್ತವೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದವನ್ನು ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ನಿಷೇಧಿಸಿದೆ. ‘ನಮ್ಮ ಔಷಧ ಪರೀಕ್ಷೆಯಲ್ಲಿ ಗೆದ್ದಿದೆ’ ಅಂದರೆ, ಸಿಟಿಆರ್‌ಐ ಎಂಬ ಭಾರತದ ನೋಂದಣಿ ತಾಣದಲ್ಲಿ ಹುಡುಕಿ. ಔಷಧ ಪರೀಕ್ಷೆಗಳನ್ನು ಅಲ್ಲಿ ದಾಖಲಿಸುವುದು 2009ರಿಂದ ಕಡ್ಡಾಯ.

ಹೆಜ್ಜೆ 6: ತಾಣಕ್ಕೇ ಒಂದು ಪರೀಕ್ಷೆ ಕೊಡಿ

ಇದು ನನ್ನ ಸ್ವಂತ ಉಪಾಯ. ಉತ್ತರ ನಿಮಗೆ ಮೊದಲೇ ಗೊತ್ತಿರುವ ಒಂದು ಪ್ರಶ್ನೆಯನ್ನು ಆ ತಾಣದ ಹುಡುಕು ಪೆಟ್ಟಿಗೆಯಲ್ಲಿ ಹಾಕಿ. ನಾನು ಹಾಕುವುದು ‘ಎಂಎಂಆರ್ ಲಸಿಕೆ, ಆಟಿಸಂ’. ಎಂಎಂಆರ್ ಅಂದರೆ ದಡಾರ, ಮಂಗನಬಾವು, ರುಬೆಲ್ಲಾ ಬಾರದಂತೆ ಮಕ್ಕಳಿಗೆ ಹಾಕುವ ಲಸಿಕೆ; ಆಟಿಸಂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಬ್ರಿಟಿಷ್ ವೈದ್ಯ ಬರೀ 12 ಮಕ್ಕಳನ್ನು ನೋಡಿ, ಈ ಲಸಿಕೆಗೂ ಆಟಿಸಂಗೂ ನಂಟಿರಬಹುದು ಎಂದು ದಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 2010ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಅವರ ಹೆಸರು ವೈದ್ಯರ ಪಟ್ಟಿಯಿಂದ ಹೊರಬಿತ್ತು. ಇಂದಿಗೂ ‘ಲ್ಯಾನ್ಸೆಟ್‌ನಲ್ಲೇ ಬಂದಿದೆ’ ಎಂದು ಇದನ್ನು ಎತ್ತಿ ಹೇಳುವ ತಾಣವಾದರೆ ಅಲ್ಲಿಗೇ ಮುಗಿಯಿತು, ಬಾಗಿಲು ಹಾಕಿಕೊಂಡು ಬನ್ನಿ.

ಹಿಂತೆಗೆದುಕೊಂಡ ಲೇಖನಗಳ ಲೆಕ್ಕ ಇಡುವ ರಿಟ್ರ್ಯಾಕ್ಷನ್ ವಾಚ್ ಎಂಬ ತಾಣ 2010ರಿಂದ ಇದೆ. ತಪ್ಪು ಎಲ್ಲರಿಂದಲೂ ಆಗುತ್ತದೆ. ತಪ್ಪಾಯಿತು ಎಂದು ಸುದ್ದಿಯ ಮೇಲೇ ದಿನಾಂಕ ಹಾಕಿ ಬರೆಯುವ ತಾಣಕ್ಕೆ ನಾನು ಒಂದು ಅಂಕ ಜಾಸ್ತಿ ಕೊಡುತ್ತೇನೆ. ಸದ್ದಿಲ್ಲದೆ ಪುಟ ಅಳಿಸುವವರಿಗೆ ಸೊನ್ನೆ.

‘ನಂಬಬಹುದಾದ ತಾಣಗಳ ಪಟ್ಟಿ’ ಎಂದು ತಯಾರಾದದ್ದೂ ಸಿಗುತ್ತದೆ. 2017ರಲ್ಲಿ ಅಮೆರಿಕನ್ ಕೌನ್ಸಿಲ್ ಆನ್ ಸೈನ್ಸ್ ಅಂಡ್ ಹೆಲ್ತ್ ಎಂಬ ಸಂಸ್ಥೆ ಅಂಥದ್ದೊಂದು ಚಾರ್ಟ್ ಹೊರತಂದಿತು, ಅದು ತುಂಬಾ ಓಡಾಡಿತು. ಆ ಸಂಸ್ಥೆಗೇ ಕಂಪನಿಗಳಿಂದ ಹಣ ಬರುತ್ತದೆ ಎಂಬ ಟೀಕೆ ಅದಕ್ಕೂ ಮೊದಲಿನಿಂದ ಇತ್ತು. ಪಟ್ಟಿ ಮಾಡಿದವರು ಯಾರು ಅಂತಲೂ ನೋಡಬೇಕಲ್ಲ! ಕನ್ನಡದಲ್ಲಿ ವಿಜ್ಞಾನ ಓದಲು ನಾನು ಇಜ್ಞಾನ, ರಿಸರ್ಚ್ ಮ್ಯಾಟರ್ಸ್ ನೋಡುತ್ತೇನೆ. ಅನುಮಾನ ಬಂದದ್ದನ್ನು ಬೂಮ್, ಆಲ್ಟ್ ನ್ಯೂಸ್ ಎಂಬ ಸುಳ್ಳುಸುದ್ದಿ ಪತ್ತೆಹಚ್ಚುವ ತಾಣಗಳಲ್ಲಿ ಹುಡುಕುತ್ತೇನೆ. ಅವರಿಗೂ ಮೇಲಿನ ಪ್ರಶ್ನೆಗಳನ್ನೇ ಕೇಳಿ.

ಮನೆಯವರಿಗೆ ಹೇಳುವಾಗ

ಫ್ಯಾಮಿಲಿ ಗ್ರೂಪಿನಲ್ಲಿ ‘ಫೇಕ್!’ ಅಂತ ದಪ್ಪಕ್ಷರದಲ್ಲಿ ಬರೆಯಬೇಡಿ. ನಾನು ಬರೆದು, ಒಬ್ಬ ಚಿಕ್ಕಪ್ಪ ಎಂಟು ತಿಂಗಳು ಮಾತಾಡಲಿಲ್ಲ. ಬೇರೆಯಾಗಿ ಫೋನ್ ಮಾಡಿ, ಇಬ್ಬರೂ ಕೂಡಿ ಲಿಂಕ್ ತೆರೆದು ನೋಡಿ. ಎರಡು ಮಾತು ಮಾತ್ರ ಖಡಾಖಂಡಿತವಾಗಿ ಹೇಳಿಬಿಡಿ: ಯಾವ ಸುದ್ದಿ ಓದಿಯೂ ನಡೆಯುತ್ತಿರುವ ಮಾತ್ರೆ ನಿಲ್ಲಿಸಬಾರದು. ಎದೆ ಹಿಡಿದುಕೊಂಡಾಗ ಗೂಗಲ್ ನೋಡದೆ 108ಕ್ಕೆ ಫೋನ್ ಮಾಡಬೇಕು.

ದೊಡ್ಡಮ್ಮ ಮೈಸೂರಿಗೆ ಹೋಗಲಿಲ್ಲ. ಅರಸೀಕೆರೆಯಲ್ಲೇ ಇಸಿಜಿ ಮಾಡಿಸಿದರು. ಅದು ಸರಿಯಾಗಿತ್ತು, ಆದರೆ ಬಿಪಿ 160 ಇತ್ತು. ಯಾವ ಲಿಂಕಿನಲ್ಲೂ ಅದು ಬಂದಿರಲಿಲ್ಲ. ಈಗ ದಿನಾ ಒಂದು ಮಾತ್ರೆ ನುಂಗುತ್ತಾರೆ. ಲಿಂಕ್ ಕಳಿಸುವುದನ್ನು ಮಾತ್ರ ಬಿಟ್ಟಿಲ್ಲ. ಮೊನ್ನೆ ಬಂದದ್ದು ನುಗ್ಗೆಸೊಪ್ಪಿನ ಬಗ್ಗೆ. ಕೆಳಗೆ ಒಂದೇ ಸಾಲು ಬರೆದಿದ್ದರು: “ಇದು ಇಲಿಗಾ, ನಮಗಾ?”